ಕಿರೀಟ ಬಿಚ್ಚಿದ ಕೈ

ಅಣ್ಣ ವೈಜಿನಾಥನಿಗೆ,

ಬರೋಡಾದಿಂದ ನಿನ್ನ ತಂಗಿ ಜನಾಬಾಯಿ ಬರೆಯುವುದು. ನಮಸ್ಕಾರ ಹಾಕಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟಿದ್ದೇನೆ.

ನನ್ನ ನಾಟಕದ ವಿಷಯ ಅವ್ವನಿಗೆಂದು ನಾನು ಬರೆದ ಕಾಗದವನ್ನು ನೀನು ಒಡೆದು ಓದಿದೆ. ಓದಿ ಸುಮ್ಮನಿರದೆ ನನಗೇ ನಾಟಕ ಕಲಿಸಲು ಹೊರಟೆ. "ಪಿಂಜಾರ ಬದ್ರೋದ್ದೀನಗ ಕೊಂದಾವ್ರು ರಜಾಕಾರ್ರು ಅಂತ ಮಾಡು. ಅಷ್ಟ ದೂರದ ಊರಾಗ ಯಾರಿಗಿ ತಿಳೀತದ? ಹಾಂಗ ಮಾಡ್ಲಿಲ್ಲಂದ್ರ ಈ ಮನಿ ಹೊಸ್ತಿಲ ತುಳಿಬ್ಯಾಡ, ಅವ್ವನ ಮಾರಿ ನೋಡೋ ಆಸಿ ಬಿಡು." ಭಲೆ ಅಣ್ಣಾ, ಭಲೆ! ಮೈಯೆಲ್ಲ ಉರಿದುಹೋಯಿತು. ಸತ್ತವನ ಬಾಯಲ್ಲಿ ನಾಲಿಗೆ ಇಲ್ಲ ಅಂತ ನಿನಗೆ ಧೈರ್ಯ. ಇದ್ದವಳ ಬಾಯಲ್ಲಿ ಇದೆ, ಅದನ್ನು ಮರೆತೆ.

ನಾನು ಇಲ್ಲಿ ಏನು ಕಲಿಯುತ್ತಿದ್ದೇನೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. "ಹೆಣ್ಣುಹುಡುಗಿ ಕುಣಿಯೋದ ಕಲಿಲಾಕ ಹೋಗ್ಯಾಳ" ಅಂತ ಭಾಲ್ಕಿಯ ಸಂತೆಯಲ್ಲಿ ನಕ್ಕೆಯಂತೆ. ಕುಣಿಯುವುದಲ್ಲ. ರಂಗದ ಮೇಲೆ ಬಾಗಿಲು ಎಲ್ಲಿರಬೇಕು, ಬೆಳಕು ಯಾವ ಕಡೆಯಿಂದ ಬೀಳಬೇಕು, ಯಾರ ಮೈಮೇಲೆ ಯಾವ ಬಟ್ಟೆ, ಹತ್ತು ಜನರನ್ನು ಒಂದು ಆಟಕ್ಕೆ ಹೇಗೆ ಕೂಡಿಸಬೇಕು, ಇದು ನನ್ನ ವಿದ್ಯೆ. ಇದರ ಜೊತೆಗೆ ನಾಟಕದ ಇತಿಹಾಸ. ಗ್ರೀಕರ ಆಟದಲ್ಲಿ ಕೊಲೆ ಒಳಮನೆಯಲ್ಲಿ ನಡೆಯುತ್ತದೆ, ದೂತನೊಬ್ಬ ಹೊರಗೆ ಬಂದು ಸುದ್ದಿ ಹೇಳುತ್ತಾನೆ. ನಮ್ಮ ಹಳೆಯ ಸಂಸ್ಕೃತ ನಾಟಕದಲ್ಲೂ ಸಾವನ್ನು ಕಣ್ಣೆದುರು ತೋರಿಸುವ ಹಾಗಿಲ್ಲ. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದೆ, ಒಳ್ಳೆಯ ಅಂಕ ಬಂತು. ಬರೆಯುವಾಗ ನಗು ಬಂತು, ಅಳುವೂ ಬಂತು. ನಮ್ಮೂರಲ್ಲಿ ಕೊಲೆ ಹಾಡುಹಗಲೇ ಆಯಿತು, ದೂತನಾಗಿ ನೀನು ಬಂದು ಬೇರೆಯದೇ ಸುದ್ದಿ ಹೇಳುತ್ತಿದ್ದೀಯ.

ಕೊನೆಯ ವರ್ಷ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ನಾಟಕವನ್ನು ತಾನೇ ಕಟ್ಟಿ ಆಡಿಸಬೇಕು. ಬೇರೆಯವರು ರಾಜರಾಣಿಯರ ಕಥೆ ಹಿಡಿದರು. ನಾನು ಎಂಟು ವರ್ಷದ ಹಿಂದಿನ ನಮ್ಮೂರನ್ನು ಹಿಡಿದೆ, ಮೆಹಕರದಿಂದ ಈಚೆಗಿರುವ ನಮ್ಮ ಕುರಿದೊಡ್ಡಿಗಳ ಊರನ್ನು. ನಾಳೆ ಅದರ ಆಟ. ನೀನು ಬರುವುದಿಲ್ಲ, ಗೊತ್ತು. ಅದಕ್ಕೇ ಇಲ್ಲಿಯೇ ಆಡಿ ತೋರಿಸುತ್ತೇನೆ, ಕೂತು ನೋಡು.

ಅಪ್ಪನನ್ನು ಕೊಂದವರು ನಿಜಾಮನ ಕಡೆಯ ರಜಾಕಾರರೇ. ಅದನ್ನು ನಾನು ಎಂದೂ ಅಲ್ಲಗಳೆದಿಲ್ಲ. ನಾಟಕ ಶುರುವಾಗುವುದೇ ಅಲ್ಲಿಂದ. ಅವರ ಮೇಲೆ ಹೋರಾಡಲು ನೀನು ಗಡಿಯಾಚೆ ಕ್ಯಾಂಪಿನಲ್ಲಿ ಬಂದೂಕು ಹಿಡಿಯುವುದನ್ನು ಕಲಿಯುತ್ತಿದ್ದೆ. ಅವರು ಬೆಳಿಗ್ಗೆ ಬಂದರು, ಅಪ್ಪನನ್ನು ದೊಡ್ಡಿಯ ಮುಂದೆ ಮಂಡಿಯೂರಿಸಿದರು. "ಬಕ್ಕಪ್ಪ, ಮಗಾ ಎಲ್ಲಿದ್ದಾನ ಹೇಳು." ಗೊತ್ತಿದ್ದೂ ಹೇಳಲಿಲ್ಲ. ಬಂದೂಕಿನ ಹಿಂಬದಿಯಿಂದ ಬಾಯಿಗೆ ಹೊಡೆದರು. ಹಲ್ಲು ಉದುರಿದವು, ಅವನ್ನು ಉಗುಳಿ ಅಪ್ಪ ಮತ್ತೆ ಸುಮ್ಮನಾದ. ಆಮೇಲೆ ಆ ಬಾಯೊಳಗೇ ನಳಿಗೆ ಇಟ್ಟು ಸುಟ್ಟರು. ಗುಂಡಿನ ಸದ್ದಿಗೆ ಕುರಿಗಳು ಬೇಲಿ ಮುರಿದು ಓಡಿ ಅಪ್ಪನ ಮೇಲೆಯೇ ತುಳಿದುಕೊಂಡು ಹೋದವು. ನಿನ್ನ ಸಲುವಾಗಿ ಸತ್ತ ಅಣ್ಣಾ. ನಿನ್ನ ಹೊಟ್ಟೆಯೊಳಗಿನ ಬೆಂಕಿ ನನಗೆ ಅರ್ಥವಾಗುತ್ತದೆ. ನನ್ನ ಹೊಟ್ಟೆಯಲ್ಲೂ ಅದೇ ಇದೆ.

ಆದರೆ ಅಪ್ಪ ನೆಲಕ್ಕೆ ಬೀಳುವ ಹೊತ್ತಿಗೆ ಅವ್ವನನ್ನೂ ನನ್ನನ್ನೂ ರಟ್ಟೆ ಹಿಡಿದು ಎಳೆದುಕೊಂಡು ಹೋದವನು ಬದ್ರೋದ್ದೀನ. ಅವನ ಮನೆಯಲ್ಲಿ ಬಿಲ್ಲಿನಿಂದ ಹಿಂಜಿದ ಅರಳೆಯ ರಾಶಿ ಅಟ್ಟದವರೆಗೆ ಬಿದ್ದಿರುತ್ತಿತ್ತು. ಅದರೊಳಗೆ ನಮ್ಮನ್ನು ಹುಗಿದ. ಅವನ ಹೆಂಡತಿ ಖೈರುನ್ನಿಸಾ ಮೇಲಿಂದ ಇನ್ನಷ್ಟು ಅರಳೆ ಸುರಿದಳು. ರಜಾಕಾರರು ಒಳಗೆ ಬಂದು "ತೂ ಹಮಾರಾ ಹೈ ಕೀ ಉನ್ಕಾ?" ನಮ್ಮವನೋ ಅವರವನೋ ಅಂತ ಕೇಳಿ ಅವನನ್ನು ಒದ್ದರು. ಒಬ್ಬ ರಾಶಿಗೆ ಬಂದೂಕಿನ ತುದಿಯ ಸಂಗೀನು ಚುಚ್ಚಿದ. ಅದು ಅವ್ವನ ತೊಡೆಯೊಳಗೆ ಇಳಿಯಿತು. ಅವ್ವ ಒಂದು ಕೈಯಿಂದ ನನ್ನ ಬಾಯಿ ಮುಚ್ಚಿದ್ದಳು, ತನ್ನ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಉಸಿರು ಬಿಡಲಿಲ್ಲ. ಸಂಗೀನನ್ನು ಹೊರಗೆ ಎಳೆಯುವಾಗ ಅರಳೆಯೇ ಅದನ್ನು ಒರೆಸಿ ಕಳಿಸಿತು. ರಕ್ತ ಕಾಣದೆ ಅವರು ನಂಬಿದರು. ಹೋಗುವ ಮುಂಚೆ ಬದ್ರೋದ್ದೀನನ ಎಡಗೈಯನ್ನು ಹೊಸ್ತಿಲ ಮೇಲಿಟ್ಟು ತುಳಿದು ಮುರಿದರು. ಅವ್ವ ಇವತ್ತಿಗೂ ಕುಂಟುತ್ತಾಳಲ್ಲ, ಆ ಕಾಲನ್ನು ದಿನವೂ ನೋಡುತ್ತೀಯಲ್ಲ, ಏನನಿಸುತ್ತದೆ ನಿನಗೆ?

ಮಳೆಗಾಲ ಮುಗಿಯುವ ಮೊದಲೇ ಭಾರತದ ಸೈನ್ಯ ನುಗ್ಗಿ ಪೋಲೀಸ್ ಆ್ಯಕ್ಷನ್ ಆಯಿತು. ನಿಜಾಮನ ಆಟ ಮುಗಿಯಿತು ಅಂತ ಬೀದರದ ಕಡೆಯಿಂದ ಸುದ್ದಿ ಬಂತು. ನಾವು ಬೆಲ್ಲ ಹಂಚಿದೆವು. ಬದ್ರೋದ್ದೀನನೂ ತಿಂದ. ಕೊಂದ ರಜಾಕಾರರು ಓಡಿಹೋದರು, ಓಡಲು ತಾವಿಲ್ಲದ ಬಡವರು ಮಾತ್ರ ಉಳಿದರು. ಮರುವಾರವೇ ಔರಾದ ಕಡೆಯಿಂದ ಬೇರೆ ಸುದ್ದಿ ಬರತೊಡಗಿತು. ಕೊಡಲಿ, ಭರ್ಜಿ ಹಿಡಿದ ಗುಂಪು ಊರೂರಿಗೆ ಬರುತ್ತಿದೆ, ಮುಸಲ್ಮಾನ ಗಂಡಸರನ್ನು ಹೊರಗೆಳೆಯುತ್ತಿದೆ ಅಂತ. ಆ ಗುಂಪಿನ ಮುಂದೆ ನೀನಿದ್ದೀಯ ಅಂತ ಹೇಳಿದವನಿಗೆ ಅವ್ವ "ನಿನ್ನ ಬಾಯಾಗ ಹುಳ ಬೀಳ್ಲಿ" ಅಂದಳು. ಆಮೇಲೆ ಹೊಸ್ತಿಲ ಮೇಲೆ ಕೂತಳು. ಕೂತವಳು ಎದ್ದದ್ದು ಒಂದು ಉಪಾಯ ಹಿಡಿದೇ.

ನಮ್ಮ ಮನೆತನದ್ದು ಕಿರೀಟದ ಹಕ್ಕು. ಊರಿನ ಬಯಲಾಟಕ್ಕೆ ನಾರಾಯಣನ ಕಿರೀಟ ನಮ್ಮ ಮನೆಯಿಂದಲೇ ಹೋಗಬೇಕು, ನಮ್ಮ ಮನೆಯವರೇ ಕಟ್ಟಬೇಕು, ಮಂಗಳಾರತಿ ಎತ್ತಿ ನಮ್ಮ ಮನೆಯವರೇ ಬಿಚ್ಚಬೇಕು. ಕಟ್ಟಿದ್ದರಿಂದ ಬಿಚ್ಚುವವರೆಗೆ ಆ ಪಾತ್ರಧಾರಿ ಮನುಷ್ಯನಲ್ಲ. ಹೆಂಡತಿಯೂ ಕಾಲಿಗೆ ಬೀಳಬೇಕು, ಶತ್ರುವೂ ಕೈ ಎತ್ತುವ ಹಾಗಿಲ್ಲ. ಆ ನಾರಾಯಣನ ಪಾತ್ರ ಎಷ್ಟೋ ವರ್ಷದಿಂದ ಬದ್ರೋದ್ದೀನನದು. ಅವನ ಹಾಗೆ ಪದ ಎತ್ತುವವನು ಸುತ್ತಮುತ್ತ ಇರಲಿಲ್ಲ.

"ಏ ನರಸಿಂಗ, ಮದ್ದಳಿ ತಗಿ! ಬದ್ರ್ಯಾಗ ಬಣ್ಣ ಹಚ್ಚೂಣು" ಅಂದಳು ಅವ್ವ.

ಮದ್ದಳೆಯ ನರಸಿಂಗ ಕಣ್ಣು ಬಿಟ್ಟ. "ಹಗಲಾಗ ಯಾರ ಆಟ ಆಡ್ತಾರ್ರಿ ವೈನಿ?"

"ಜೀವ ಹೋಗೋ ಹೊತ್ತಿನಾಗ ಹಗಲೇನು ರಾತ್ರಿಯೇನು! ಕಿರೀಟ ಏರಿದ್ರ ಅವಗ ಯಾರೂ ಮುಟ್ಟಂಗಿಲ್ಲ. ಮಿಲಿಟರಿ ಗಾಡಿ ಭಾಲ್ಕಿ ಬಿಟ್ಟಾದಂತ. ಅದು ಬರೋತನಕ ಆಟ ನಿಂದ್ರಬಾರ್ದು."

ಖೈರುನ್ನಿಸಾಳನ್ನು ನಮ್ಮ ಮನೆಯ ನೆಲದಡಿಯ ಜೋಳದ ಹಗೇವಿನೊಳಗೆ ಇಳಿಸಿ ಮೇಲೆ ಕಲ್ಲು ಮುಚ್ಚಿದೆವು. ಬದ್ರೋದ್ದೀನನ ಮುಖಕ್ಕೆ ಬಣ್ಣ ಹಚ್ಚಿದವಳು ನಾನು. ಹಳದಿ ಅರದಾಳ ಅರೆದು ಬಳಿದೆ, ಹಣೆಗೆ ಕೆಂಪು ನಾಮ ತೀಡಿದೆ. ಹುಬ್ಬು ಬರೆಯತೊಡಗಿದೆ. ಅವನು ಮೆಲ್ಲಗೆ ನಕ್ಕ. "ಜನಾ, ಕೈ ನಡುಗಿಸಬ್ಯಾಡ. ಹುಬ್ಬ ಸೊಟ್ಟ ಆದ್ರ ಮಂದಿ ದೇವ್ರಿಗಿ ನಗ್ತಾರ." ಸಾಯುವ ಹೊತ್ತಿನಲ್ಲೂ ಚೇಷ್ಟೆ. ಅವ್ವ ಕಿರೀಟ ಕಟ್ಟಿ, ಗಂಟು ಹಾಕಿ, ಅವನ ಕಾಲು ಮುಟ್ಟಿದಳು. ಅವನ ಕಣ್ಣಲ್ಲಿ ನೀರು ನಿಂತದ್ದನ್ನು ನಾನು ಕಂಡೆ.

ನೀವು ಬಂದಾಗ ಮಧ್ಯಾಹ್ನ. ನಿಮ್ಮ ಕೊಡಲಿಗಳ ಮೇಲೆ ಬೇರೆ ಊರಿನ ರಕ್ತ ಒಣಗಿತ್ತು. ಕಟ್ಟೆಯ ಮೇಲೆ ನಾರಾಯಣ ನಿಂತು ಹಾಡುತ್ತಿದ್ದ, ಊರೆಲ್ಲ ಕೆಳಗೆ ಕೂತಿತ್ತು. ಆಮೇಲೆ ನಡೆದದ್ದನ್ನು ಇಲ್ಲಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ನೀವೆಲ್ಲ ಚಪ್ಪಲಿ ಕಳೆದಿರಿ! ಮನುಷ್ಯರನ್ನು ಕಡಿದು ಬಂದವರು, ಕೈಮುಗಿದು ಕೂತಿರಿ. ನನಗೆ ಅಲ್ಲಿಯೇ ಜೀವ ಬಂದ ಹಾಗಾಯಿತು. ಅವ್ವ ನನ್ನ ಕೈ ಒತ್ತಿದಳು.

ಆಟ ನಡೆಯಿತು, ನಡೆಯಿತು. ಒಂದು ಪ್ರಸಂಗ ಮುಗಿಯುವ ಮುಂಚೆಯೇ ಬದ್ರೋದ್ದೀನ ಇನ್ನೊಂದರ ಪದ ಎತ್ತುತ್ತಿದ್ದ. ದನಿ ಒಡೆಯಿತು. ಮುರಿದು ಸೊಟ್ಟಗೆ ಕೂಡಿದ ಎಡಗೈ ಕೆಳಗೆ ಜೋಲಿತು, ಬಲಗೈ ಒಂದರಲ್ಲೇ ಅಭಯ ತೋರಿಸಿದ. ನರಸಿಂಗನ ಬೆರಳು ಒಡೆದು ಮದ್ದಳೆಯ ನಡುವಿನ ಕಪ್ಪು ಕರಣಿ ಕೆಂಪಾಯಿತು. ರಸ್ತೆಯ ಕಡೆ ಧೂಳು ಏಳಲಿಲ್ಲ. ಹೊತ್ತು ವಾಲುತ್ತಿರುವಾಗ ನಿನ್ನ ಗುಂಪಿನ ಒಬ್ಬ ಎದ್ದು ನಿಂತ. "ಏ ವೈಜಿನಾಥ, ನಮಗ ಹುಚ್ಚ ಮಾಡ್ಲತ್ತಾರ ಇವ್ರು. ಕಿರೀಟದ ಹಕ್ಕ ನಿಮ್ಮ ಮನಿದು ಅಲ್ಲೇನು? ಹೋಗು, ಬಿಚ್ಚು."

ನೀನು ಎದ್ದೆ. ಅವ್ವ ಕುಂಟುತ್ತಾ ಓಡಿ ನಿನಗೆ ಅಡ್ಡ ನಿಂತಳು. "ಕಟ್ಟಿದಾಕಿ ನಾ ಇದ್ದೀನಿ. ನಾ ಬಿಚ್ಚಂಗಿಲ್ಲ. ನಿನ್ನ ತಂಗಿಗಿ, ನನಗ ಅರಳ್ಯಾಗ ಮುಚ್ಚಿಟ್ಟ ಉಳಿಸ್ಯಾನೋ ಇಂವ, ನನ್ನ ಕಾಲ ನೋಡೋ!" ಎಂದು ಎಲ್ಲರೆದುರಿಗೆ ಸೀರೆ ಎತ್ತಿ ತೊಡೆಯ ಗಾಯ ತೋರಿಸಿದಳು. ಹೆತ್ತ ತಾಯಿ, ಅಣ್ಣಾ! ನೀನು ದನಿ ತಗ್ಗಿಸಿ ಹೇಳಿದೆ: "ನನಗ ಗೊತ್ತದ ಅವ್ವಾ. ಆದ್ರ ನನ್ನ ಹಿಂದ ನಿಂತಾವ್ರಿಗಿ ಹ್ಯಾಂಗ ಹೇಳ್ಲಿ?" ಆಮೇಲೆ ದನಿ ಎತ್ತಿ, ಎಲ್ಲರಿಗೂ ಕೇಳುವ ಹಾಗೆ: "ಅಪ್ಪ ಸತ್ತ ಮ್ಯಾಲ ಹಕ್ಕು ಗಂಡಮಗಂದು. ಅತ್ತಾಗ ಸರಿ."

ಸಿಟ್ಟಿನಲ್ಲಿ ಕಿತ್ತು ಎಸೆದಿದ್ದರೆ ನಾನು ನಿನ್ನನ್ನು ಇಷ್ಟು ದ್ವೇಷಿಸುತ್ತಿರಲಿಲ್ಲ. ನೀನು ಹಾಗೆ ಮಾಡಲಿಲ್ಲ. ಕಾಲು ತೊಳೆದುಕೊಂಡೆ. ಆರತಿ ತಟ್ಟೆ ತರಿಸಿದೆ. ಕರ್ಪೂರ ಹಚ್ಚಿ ಮಂಗಳಾರತಿ ಎತ್ತಿದೆ, ಕಾಯಿ ಒಡೆದೆ. ಬದ್ರೋದ್ದೀನ ತಲೆ ಬಗ್ಗಿಸಿದ, ನೀನು ಗಂಟು ಬಿಚ್ಚಿದೆ. ಕಿರೀಟವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದೆ. ಒಂದು ನಿಯಮವನ್ನೂ ಮುರಿಯಲಿಲ್ಲ. ಆಮೇಲೆ ಕೊಡಲಿ ತೆಗೆದುಕೊಂಡೆ.

ಮೊದಲ ಏಟು ಹೆಗಲಿನ ಭುಜಕೀರ್ತಿಗೆ ಬಿದ್ದು ಕನ್ನಡಿ ಚೂರು ಹಾರಿದವು. ಎರಡನೆಯದು ಕುತ್ತಿಗೆಗೆ. ಅರದಾಳದ ಮೇಲೆ ರಕ್ತ ಕೆಂಪಾಗಿ ಕಾಣಲಿಲ್ಲ, ಕೆಸರಿನ ಬಣ್ಣ ಆಯಿತು. ಅವನು ಕಟ್ಟೆಯ ಮೇಲಿಂದ ಊರವರ ನಡುವೆ ಉರುಳಿದ. ಕೂತವರು ಸರಿದು ಜಾಗ ಕೊಟ್ಟರು, ಯಾರೂ ಹಿಡಿಯಲಿಲ್ಲ. ಉಳಿದವರೂ ಮೇಲೆ ಬಿದ್ದು ಕಡಿದರು. ನಾನು ಬರೆದ ಹುಬ್ಬು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಮಿಲಿಟರಿ ಗಾಡಿ ಮರುದಿನ ಬಂತು. ಖೈರುನ್ನಿಸಾಳನ್ನು ಹಗೇವಿನಿಂದ ಮೇಲೆತ್ತಿದಾಗ "ಮದ್ದಳಿ ಯಾಕ ನಿಂತ್ತು?" ಎಂದಷ್ಟೇ ಕೇಳಿದಳು. ಅವ್ವ ಅವಳನ್ನು ತಬ್ಬಿಕೊಂಡು ಕೂತಳು. ಅದೇ ಗಾಡಿಯಲ್ಲಿ ಅವಳು ಬೀದರಕ್ಕೆ ಹೋದಳು, ಮತ್ತೆ ನಮ್ಮೂರ ಕಡೆ ತಲೆ ಹಾಕಲಿಲ್ಲ.

ಇದು ನನ್ನ ನಾಟಕ. ನೀನು ಹೇಳಿದ ಹಾಗೆ ಕೊನೆ ಬದಲಿಸುವುದು ಕಷ್ಟವೇನಲ್ಲ. ನಾಲ್ಕು ಟೊಪ್ಪಿಗೆ, ನಾಲ್ಕು ಖಾಕಿ ಅಂಗಿ ಸಾಕು, ನಮ್ಮ ಬಟ್ಟೆಯ ಕೋಣೆಯಲ್ಲಿ ಬೇಕಾದಷ್ಟಿವೆ. ಜನ ಚಪ್ಪಾಳೆಯನ್ನೂ ಹೊಡೆಯುತ್ತಾರೆ, ನೀನು ಊರಲ್ಲಿ ಮೀಸೆ ತಿರುವಿಕೊಂಡು ಓಡಾಡಬಹುದು. ಆದರೆ ಅವ್ವನ ತೊಡೆಗೆ ಚುಚ್ಚಿದವರ ತಲೆಯ ಮೇಲೆ ನೀನು ಮಾಡಿದ್ದನ್ನೂ ಹೊರಿಸಿದರೆ, ಅವರು ನಿಜಕ್ಕೂ ಮಾಡಿದ್ದನ್ನು ನಾಳೆ ಯಾರು ನಂಬುತ್ತಾರೆ? ಅಪ್ಪನ ಸಾವೂ ಸುಳ್ಳಾಗುತ್ತದೆ. ಆಗುವುದಿಲ್ಲ, ಅಣ್ಣಾ. ರಂಗದ ಮೇಲೆ ಕೆಂಪು ಬೆಳಕು ಬೇಡ ಅಂದಿದ್ದೇನೆ. ಮಧ್ಯಾಹ್ನದ ಬಿಳಿ ಬಿಸಿಲು, ಎಲ್ಲ ಕಡೆಯಿಂದ, ಕಡೆಯವರೆಗೂ ಅಷ್ಟೇ.

ನಿನ್ನ ಪಾತ್ರಕ್ಕೆ ಜನ ಸಿಗಲಿಲ್ಲ. ಹುಡುಗರು ಒಬ್ಬರ ಮೇಲೆ ಒಬ್ಬರು ಹಾಕಿದರು. ಕೊನೆಗೆ ನಾನೇ ಕೂದಲು ಕತ್ತರಿಸಿಕೊಂಡೆ, ಹೆಗಲಿಗೆ ಕಂಬಳಿ ಹಾಕಿಕೊಂಡೆ. ಗಂಟು ಬಿಚ್ಚುವಾಗ ಸ್ವಲ್ಪ ತಡೆದರೆ ಚೆನ್ನ, ಆ ಮನುಷ್ಯನಿಗೂ ಒಂದು ಮನಸ್ಸು ಇರುತ್ತದಲ್ಲ ಅಂದರು ನಮ್ಮ ಮೇಷ್ಟ್ರು. ಒಳ್ಳೆಯ ಮನುಷ್ಯ. ಅವನು ತಡೆಯಲಿಲ್ಲ ಸರ್, ನಾನು ಪಕ್ಕದಲ್ಲೇ ಇದ್ದೆ ಅಂದೆ. ಅವರು ಆ ಪುಟ ತಿರುವಿದರು.

ಇನ್ನೊಂದು ಮಾತನ್ನು ತೆಗೆದುಬಿಡು ಅಂತ ಮಾತ್ರ ಅವರು ಪಟ್ಟು ಹಿಡಿದರು, ಯಾರೂ ನಂಬುವುದಿಲ್ಲ ಅಂತ. ಕಿರೀಟ ಬಿಚ್ಚಿದವನನ್ನು ಹೋಗುವ ದೇವರು ಹರಸಿ ಹೋಗಬೇಕು, ಅದೂ ಆಟದ ನಿಯಮವೇ. ನೀನು ಎಲ್ಲ ನಿಯಮ ಪಾಲಿಸಿದೆಯಲ್ಲ, ಅವನೂ ಪಾಲಿಸಿದ. ಒಡೆದ ದನಿಯಲ್ಲಿ, ನಿನ್ನ ತಲೆಯ ಮೇಲೆ ಬಲಗೈ ಇಟ್ಟು ಅಂದ: "ಮನಿ ತುಂಬ ಮಕ್ಳಾಗ್ಲಿ ವೈಜ್ಯಾ. ನೂರು ವರ್ಷ ಬಾಳು." ಅದನ್ನು ಊರೆಲ್ಲ ಕೇಳಿತು. ಆ ಮಾತನ್ನು ನಾನು ತೆಗೆದಿಲ್ಲ. ನಂಬದಿದ್ದವರು ಬಿಡಲಿ.

ನಿನ್ನ ಹೊಸ್ತಿಲು ತುಳಿಯುವುದಿಲ್ಲ. ಅವ್ವನನ್ನು ಇನ್ನು ಕಾಣುವುದಿಲ್ಲ ಅಂತ ನೆನೆದರೆ ಕರುಳು ಕಿತ್ತು ಬರುತ್ತದೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆದರೂ ಆಟ ನಾಳೆ ಆಗುತ್ತದೆ.

ಪತ್ರದ ಕಡೆಗೆ ಅಣ್ಣನಿಗೂ ಅವನ ಮಕ್ಕಳಿಗೂ ಒಳ್ಳೆಯದನ್ನು ಹಾರೈಸುವುದು ತಂಗಿಯಾದವಳ ರೀತಿ. ನಾಲ್ಕು ಗಂಡುಮಕ್ಕಳಾಗಿದ್ದಾರೆ ನಿನಗೆ, ದೊಡ್ಡಿ ತುಂಬಿದೆ, ಜ್ವರವೂ ನಿನ್ನ ಹತ್ತಿರ ಸುಳಿಯುವುದಿಲ್ಲವಂತೆ. ನಾನು ಹರಸುವುದಕ್ಕೆ ಏನೂ ಉಳಿದಿಲ್ಲ ಅಣ್ಣಾ. ಆ ಕೈ ಇನ್ನೂ ನಿನ್ನ ತಲೆಯ ಮೇಲೆಯೇ ಇದೆ. ನೂರು ವರ್ಷ ಬಾಳು.

ನಾಳೆ ನೀನಾಗಿ ನಿಲ್ಲುವ,
ನಿನ್ನ ತಂಗಿ
ಜನಾಬಾಯಿ