ಪೂಜೆಗೆ ಹೋದ ಜುನಿಪರ್

ಸಪ್ತಾಪುರ, ಧಾರವಾಡ
೧೮ ಆಗಸ್ಟ್ ೨೦೨೫, ಶ್ರಾವಣ ಸೋಮವಾರ

ನನ್ನ ಸಿಟ್ಟಿಗೂ ಪ್ರೀತಿಗೂ ಇರುವ ಒಬ್ಬರೇ ಒಬ್ಬರಾದ ನಿಮಗೆ,

ಆರೋಗ್ಯ ಹೇಗಿದೆ? ಕೈನಡುಕ ಕಡಿಮೆಯಾಯಿತೇ? ಊಟ ಸೇರುತ್ತಿದೆಯೇ, ಇಲ್ಲಾ ಅಲ್ಲಿಯೂ ಪಲ್ಯ ಸರಿಸಿಟ್ಟು ಬರೀ ಮೊಸರನ್ನ ಉಣ್ಣುತ್ತೀರಾ? ಕುಡಿತ ಬಿಡಿಸುವ ಆ ಕೇಂದ್ರದಲ್ಲಿ ಫೋನು ಕೊಡುವುದಿಲ್ಲ, ಪತ್ರ ಬರೆಯಬೇಕು ಎಂದಾಗ ನನಗೆ ನಗು ಬಂದಿತ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನಿಗೆ ಪತ್ರ ಬರೆಯುವ ಯೋಗ! ನಿಮ್ಮನ್ನು ಬಿಟ್ಟು ಬರುವಾಗ ಅಲ್ಲಿಯ ಮೇಡಂ, "ಮನಸ್ಸು ಕೆಡೋ ಸುದ್ದಿ ಮಾತ್ರ ಬರೀಬ್ಯಾಡ್ರಿ ಅಕ್ಕಾರ" ಎಂದಿದ್ದರು. ಪತ್ರವನ್ನು ಮೊದಲು ಅವರೇ ಓದುತ್ತಾರಂತೆ. ಮೇಡಂ, ನಿಮಗೂ ನಮಸ್ಕಾರ.

ಇಲ್ಲಿ ಎಲ್ಲ ಛಲೋ ಇದೆ. ಅಮರಗೋಳದ ಅಂಗಡಿಯನ್ನು ನಿಮ್ಮ ತಮ್ಮ ನೋಡಿಕೊಳ್ಳುತ್ತಿದ್ದಾನೆ. ಮಳೆ ಹಿಡಿದರೆ ಬಿಡುತ್ತಿಲ್ಲ, ಬಟ್ಟೆ ಒಣಗುತ್ತಿಲ್ಲ. ಪಕ್ಕದ ಮನೆಯ ಸುಲ್ತಾನಾ ದಿನಾ ನಿಮ್ಮನ್ನು ಕೇಳುತ್ತಾಳೆ. ಇಷ್ಟು ಬರೆದು ಮುಗಿಸಿಬಿಡಬೇಕೆಂದು ಕೂತೆ, ಆಗಲಿಲ್ಲ. ನೀವು ಹೋಗುವಾಗ ನನ್ನನ್ನು ಬಿಟ್ಟು, ಹಡೆದ ಅವ್ವನನ್ನೂ ಬಿಟ್ಟು, ಮೊದಲು ಆಡಿದ್ದು ಆ ಕುಂಡದ ಗಿಡದ ಮಾತು. "ನನ್ನ ಜುನಿಪರ್ ಜ್ವಾಕಿ, ವಾಣಿ. ಅದು ಇದ್ದರ ನಾ ಇದ್ದಂಗ" ಎಂದಿರಿ. ಹೆಂಡತಿಗೆ ಒಂದು ಮಾತಿಲ್ಲ, ಗೇಣುದ್ದದ ಬೋನ್ಸಾಯ್ ಗಿಡಕ್ಕೆ ಎಷ್ಟೊಂದು ಅಂತಃಕರಣ! ಸಿಟ್ಟು ಬಂದರೂ ಹೂಂ ಎಂದೆ. ಯಾಕೆಂದರೆ ನನಗೆ ಗೊತ್ತಿತ್ತು. ಕುಡಿದ ಮರುದಿನ ನೀವು ಆ ಗಿಡವನ್ನು ಮುಟ್ಟುತ್ತಿರಲಿಲ್ಲ. ಕುಡಿಯದೇ ಮಲಗಿದರೆ ಮಾತ್ರ ಮುಂಜಾನೆ ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಕಟ್ಟೆಯ ಮೇಲೆ ಕೂತು, ಎಡಗೈಯಲ್ಲಿ ಎಲೆಗೊಂಚಲು ಹಿಡಿದು, ಬಲಗೈ ಬೆರಳಿಂದ ಮುಂದೆ ಚಾಚಿದ ಚಿಗುರನ್ನಷ್ಟೇ ಚಿವುಟಿ ತಾಟಿಗೆ ಹಾಕುತ್ತಿದ್ದಿರಿ. ಕತ್ತರಿ ಹಚ್ಚಿದರೆ ತುದಿ ಕಂದಾಗುತ್ತದೆ ಎಂದು ನನಗೆ ಪಾಠ ಬೇರೆ. ಚಿವುಟಿದಲ್ಲಿ ಒಂದಕ್ಕೆರಡು ಒಡೆದು, ಒಳಗೊಳಗೆ ತುಂಬಿಕೊಂಡು, ಗಿಡ ಮುಷ್ಟಿ ಕಟ್ಟಿದ ಹಾಗೆ ದಟ್ಟವಾಗಿತ್ತು. ಆ ಹಸಿರೆಲ್ಲ ನೀವು ಕುಡಿಯದೇ ಎದ್ದ ಮುಂಜಾನೆಗಳದ್ದು.

ಈಗ ಹೇಳಿಬಿಡುತ್ತೇನೆ, ಮೇಡಂ ಕ್ಷಮಿಸಲಿ. ನಿಮ್ಮ ಅವ್ವ ಆ ಗಿಡವನ್ನು ಹರಿದು ಹರಿದು ಲಿಂಗಪೂಜೆಗೆ ಏರಿಸುತ್ತಿದ್ದಾರೆ.

ನೀವು ಚಿಗುರು ಚಿವುಟುವುದನ್ನು ಅವರು ಪಡಸಾಲೆಯಿಂದ ನೋಡುತ್ತಿದ್ದರಲ್ಲ, ಅದು ಪೂಜೆಯ ಪತ್ರಿ ಎಂದೇ ತಿಳಿದಿದ್ದಾರೆ. "ನನ್ನ ವಿಶಾಲ ಕುಡಿಯೂದು ಬಿಟ್ಟು ಪತ್ರಿ ಹರ್ಯಾಕ ಕುಂತಾನ ನೋಡವಾ" ಎಂದು ಸುಲ್ತಾನಾಳ ಮುಂದೆ ಹಿಗ್ಗಿದ್ದರಂತೆ. ಎಷ್ಟೋ ವರ್ಷಗಳಿಂದ ಲಿಂಗ ಮುಟ್ಟದ ಮಗ! ಈಗ ನೀವಿಲ್ಲ, ಹಾಗಾಗಿ ನಿಮ್ಮ ಪಾಲಿನ ಪತ್ರಿಯನ್ನು ತಾವೇ ಹರಿಯುತ್ತಾರೆ. ದಿನಕ್ಕೊಮ್ಮೆ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಅವರ ಮರೆವು ನಿಮಗೆ ಗೊತ್ತಲ್ಲ. ಪೂಜೆ ಮುಗಿಸಿ ಎದ್ದವರು ಚಹಾ ಆರುವುದರೊಳಗೆ "ಅಯ್ಯ, ಇನ್ನೂ ಪೂಜಿನ ಆಗಿಲ್ಲಲ್ಲ" ಎಂದು ಮತ್ತೆ ಅಂಗೈಯಲ್ಲಿ ಲಿಂಗ ಹಿಡಿದು ಕೂರುತ್ತಾರೆ. ಮತ್ತೆ ಪತ್ರಿ ಬೇಕು.

ನಾನೇನು ಸುಮ್ಮನೆ ಕೂತಿಲ್ಲ. ಶ್ರಾವಣ ಅಲ್ಲವೇ, ಬುಟ್ಟಿ ತುಂಬ ಬಿಲ್ವಪತ್ರಿ ತಂದಿಟ್ಟೆ. ಸರಿಸಿಬಿಟ್ಟರು. ಗಿಡವನ್ನು ಮಾಳಿಗೆಯ ಮೇಲೆ ಬಚ್ಚಿಟ್ಟೆ. ಪತ್ರಿ ಇಲ್ಲದೆ ಪೂಜೆ ಇಲ್ಲ, ಪೂಜೆ ಆಗದೆ ಅವರು ಬಾಯಿಗೆ ನೀರೂ ಹಾಕುವುದಿಲ್ಲ. ಸಂಜೆಯವರೆಗೆ ಹಾಗೇ ಕೂತರು, ಸಕ್ಕರೆ ಕಾಯಿಲೆಯ ಮುದುಕಿ! ನನ್ನ ಜೀವ ಹೋಗಿ ಬಂತು. "ಅವರಿಗೆ ಎದುರಾಡಬ್ಯಾಡ್ರಿ, ಆ ಹೊತ್ತಿಗೆ ಏನ ಬೇಕೋ ಮಾಡಿಕೊಡ್ರಿ" ಎಂದು ಸತ್ತೂರಿನ ಡಾಕ್ಟರು ಹೇಳಿಯೇ ಇದ್ದಾರೆ. ಸೋತು ಗಿಡ ಇಳಿಸಿದೆ. ಆಮೇಲೆ ನರ್ಸರಿಯಿಂದ ಅಂಥದ್ದೇ ಇನ್ನೊಂದು ಜುನಿಪರ್ ತಂದು ಅದೇ ಜಾಗದಲ್ಲಿಟ್ಟು, ಭಾರೀ ಶಾಣ್ಯಾ ಕೆಲಸ ಮಾಡಿದೆ ಎಂದುಕೊಂಡೆ. ಅವ್ವ ಒಮ್ಮೆ ಕೈಯಾಡಿಸಿದರು. ಅದರದ್ದು ಎಲ್ಲೆಲ್ಲೋ ಚಾಚಿದ ಉದ್ದುದ್ದ ಟೊಂಗೆ. "ಇದು ನನ್ನ ಮಗಾ ಕೈ ಹಚ್ಚಿದ್ದಲ್ಲವಾ" ಎಂದರು. ನನ್ನನ್ನು ದಿನಕ್ಕೊಂದು ಹೆಸರಿನಿಂದ ಕರೆಯುತ್ತಾರೆ, ಅವರ ಬೆರಳಿಗೆ ಮಾತ್ರ ನಿಮ್ಮ ಗುರುತು ಮರೆತಿಲ್ಲ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಪೂರ್ತಿ ಬರಿದಾದ ಟೊಂಗೆ ಮತ್ತೆ ಚಿಗುರುವುದಿಲ್ಲ, ಪ್ರತಿ ಟೊಂಗೆಯಲ್ಲೂ ಒಂದಿಷ್ಟು ಹಸಿರು ಉಳಿಸಲೇಬೇಕು ಎಂದು ನೀವೇ ಹೇಳಿದ್ದಿರಿ. ಈಗ ಕೆಳಗಿನವೆಲ್ಲ ಕಟ್ಟಿಗೆ. ನಡುವೆ ಅಲ್ಲೊಂದು ಇಲ್ಲೊಂದು ಬಂದ ಹೊಸ ಎಲೆ ಮೊದಲಿನ ಹಾಗೆ ಮೆತ್ತಗಿಲ್ಲ, ಮುಳ್ಳಿನಂತೆ ಚುಚ್ಚುತ್ತದೆ. ಅದಕ್ಕೂ ಸಿಟ್ಟು ಬಂದಿದೆಯೇನೋ. ತುದಿಯಲ್ಲಿ ಒಂದು ಹಿಡಿ ಹಸಿರು ಉಳಿದಿದೆ, ಅಷ್ಟೇ. ಯಾರನ್ನು ಬೈಯಲಿ? ಒಂದೊಂದು ಎಸಳು ಏರಿಸುವಾಗಲೂ "ನನ್ನ ವಿಶಾಲನ್ನ ಛಲೋ ಮಾಡಪಾ ನಮ್ಮಪ್ಪಾ" ಎನ್ನುತ್ತಾರೆ. ಅದನ್ನು ಕೇಳುತ್ತ ಹೇಗೆ ಅವರ ಕೈ ಹಿಡಿಯಲಿ? ಗಿಡ ಉಳಿಸಿದರೆ ಅವ್ವ ಉಪವಾಸ, ಅವ್ವನಿಗೆ ಉಣಿಸಿದರೆ ನಿಮಗೆ ಕೊಟ್ಟ ಮಾತು ಹೋಯಿತು. ನನಗೇನೂ ತೋಚುತ್ತಿಲ್ಲ ರೀ.

ಅವ್ವನ ಆಶೀರ್ವಾದ ನಿಮ್ಮ ತಲೆಯ ಮೇಲೆ ದಿನಕ್ಕೆ ಎಷ್ಟು ಸಲ ಬೀಳುತ್ತಿದೆ ಎಂದು ಈಗ ತಿಳಿಯಿತಲ್ಲ. ಗುಳಿಗೆ ತಪ್ಪಿಸಬೇಡಿ. ಪಲ್ಯ ತಿನ್ನಿ.

ಬೈಯುತ್ತಲೇ ದಾರಿ ನೋಡುತ್ತಿರುವ,
ವಾಣಿಶ್ರೀ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅವ್ವ ಮತ್ತೆ ಪೂಜೆಗೆ ಕೂತರು. ಕೂತಲ್ಲಿಂದ ತುದಿಯ ಹಸಿರಿಗೆ ಅವರ ಕೈ ಎಟುಕಲಿಲ್ಲ, ನನ್ನತ್ತ ನೋಡಿದರು. ನಾನೇ ಕುಂಡವನ್ನು ಅವರ ಹತ್ತಿರ ಸರಿಸಿದೆ. ನೀವು ಬರುವಾಗ ಆ ಗಿಡ ಇರುವುದಿಲ್ಲ. ಅದನ್ನೇ ನೆಪ ಮಾಡಿಕೊಂಡು ಮತ್ತೆ ಕುಡಿಯಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ. ನರ್ಸರಿಯ ಗಿಡವನ್ನು ಹಿತ್ತಲ ಬಾಗಿಲ ಹತ್ತಿರ ಇಟ್ಟು ನೀರು ಹಾಕುತ್ತಿದ್ದೇನೆ. ಅದಕ್ಕೆ ಇನ್ನೂ ಯಾರೂ ಕೈ ಹಚ್ಚಿಲ್ಲ.