ಭಾವನವರ ಕಾಮಾಲೆ

ರೀ,

ಬೆಳಿಗ್ಗೆ ಐದೂಮುಕ್ಕಾಲು. ನಿನ್ನೆಯ ರಿಪೋರ್ಟಿನಲ್ಲಿ ಇಂಚರಾಳ ಹಿಮೋಗ್ಲೋಬಿನ್ ಏಳೂವರೆಗೆ ಇಳಿದಿದೆ. ರಕ್ತ ಹಾಕಿಸಲು ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದೀನಿ.

ನೀವು ನೈಟ್ ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ಕುಣಿಗಲ್‌ನಿಂದ ನಿಮ್ಮಣ್ಣ ಬಂದಿರುತ್ತಾರೆ, ರಕ್ತ ಕೊಡಲು. ಕಾಫಿ ಕೊಡಿ, ಉಪ್ಪಿಟ್ಟು ಕೊಡಿ, ರಕ್ತ ಮಾತ್ರ ಕೊಡಿಸಬೇಡಿ. ಹೋದ ಕಾರ್ತೀಕದಲ್ಲಿ ಅವರಿಗೆ ಕಾಮಾಲೆ ಆಗಿತ್ತು. ನಿನ್ನೆ ನಿಮ್ಮ ಅತ್ತಿಗೆಯೇ ಫೋನಿನಲ್ಲಿ ಹೇಳಿದರು: "ಕಣ್ಣೆಲ್ಲ ಅರಿಶಿನ ಆಗಿತ್ತು ಕಣೇ. ನಾಟಿ ಔಷಧಿ ಕುಡಿಸ್ದೆ, ವಾಸಿಯಾಯ್ತು. ಡಾಕ್ಟ್ರಿಗ್ಯಾಕೆ ಹೇಳ್ಬೇಕು ಅಂತಾರೆ."

ಯಾವ ಕಾಮಾಲೆ ಎಂದು ಯಾರೂ ಪರೀಕ್ಷೆ ಮಾಡಿಸಿಲ್ಲ. ಥಲಸ್ಸೇಮಿಯಾ ಮಗುವಿಗೆ ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಹಾಕಿಸುತ್ತೇವೆ. ವೈರಸ್ ಒಬ್ಬರಿಂದ ಬಂದರೂ ಸಾಕು, ಲಿವರ್ ಹಾಳು. ಬ್ಲಡ್ ಬ್ಯಾಂಕಿನ ಪರೀಕ್ಷೆಗೆ ಎಲ್ಲವೂ ಸಿಕ್ಕಿಬೀಳುವುದಿಲ್ಲ. "ಅಣ್ಣನ ರಕ್ತ ಬ್ಯಾಂಕಿಗೆ ತಾನೆ, ಇಂಚರಾಳಿಗಲ್ಲವಲ್ಲ" ಅನ್ನಬೇಡಿ. ಬ್ಯಾಂಕಿನಿಂದ ಇನ್ನೊಬ್ಬರ ಮಗುವಿಗೆ ಹೋಗುತ್ತದೆ. ಬದಲಿಗೆ ಎದುರುಮನೆ ರಂಗನಾಥ್ ಒಪ್ಪಿದ್ದಾರೆ.

ಅಣ್ಣನ ಮುಂದೆ ನಿಮಗೆ ಬಾಯಿ ಬರುವುದಿಲ್ಲ, ಗೊತ್ತು. ಈ ಚೀಟಿಯನ್ನೇ ಅವರ ಕೈಗೆ ಕೊಟ್ಟು ಬಚ್ಚಲಿಗೆ ಹೋಗಿಬಿಡಿ. ಅದಕ್ಕೇ ಅಕ್ಷರ ದಪ್ಪಗೆ ಬರೆದಿದ್ದೀನಿ.

ಆರೂಕಾಲು. ಭಾವ ಮೊದಲನೇ ಬಸ್ಸಿಗೇ ಬಂದರು. ನಾನೇ ಹೇಳಿದೆ.

"ನನ್ನ ರಕ್ತಕ್ಕೇನಾಗೈತೆ ಬುಡಮ್ಮ, ದಿನಾ ಮುದ್ದೆ ತಿಂತೀನಿ."

"ಮುದ್ದೆಗೆ ವೈರಸ್ ಹೆದರಲ್ಲ, ದೊಡ್ಡಪ್ಪ," ಅಂದಳು ನಿಮ್ಮ ಮಗಳು.

ಅವರು ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಅವಳ ಬ್ಯಾಗನ್ನು ತಾವೇ ಎತ್ತಿಕೊಂಡರು. ತಮ್ಮ ಕಾಮಾಲೆ ಯಾವುದೆಂದು ಪರೀಕ್ಷೆ ಮಾಡಿಸಿಕೊಳ್ಳಲು ಅವರೂ ನಮ್ಮ ಜೊತೆ ಹೊರಟಿದ್ದಾರೆ.