ಭೀಮರಾಜ ಕೂಗದ ಬೆಳಗು

ಅಂತರಸಂತೆ. 11 ಫೆಬ್ರವರಿ 1936, ಮಂಗಳವಾರ.

ಕೊನೆಗೂ ಆನೆ ಬರಲಿಲ್ಲ. ಬಂದಿದ್ದರೆ ಇವತ್ತು ನಾನೇ ಜಾಣ. ಈಗ ಹೊಸ ರೇಂಜರ ಲೆಕ್ಕದಲ್ಲಿ ನಾನೊಬ್ಬ ಹಕ್ಕಿಶಕುನ ನೋಡುವ ದಡ್ಡ ಕಂಟ್ರಾಕ್ಟರ.

ಬಿದಿರು ಕಡಿಯುವ ನಮ್ಮವರದ್ದು ಹಳೆಯ ಕಟ್ಟಳೆ: ಭೀಮರಾಜ ಕೂಗಿದ ಮೇಲೆಯೇ ಮೆಳೆಯೊಳಗೆ ಕಾಲಿಡುವುದು. ತೇಗ, ಬಿದಿರು ಬೆರೆತ ಕಾಡು ಬಿಟ್ಟು ಬಯಲಿಗೆ ಬಾರದ ಆ ಕರಿಹಕ್ಕಿ, ಬಾಲದ ಎರಡು ಉದ್ದ ಗರಿ ತೂಗಿಸಿಕೊಂಡು, ನಸುಕಿಗೇ ಹತ್ತು ಹಕ್ಕಿಗಳ ದನಿ ಕದ್ದು ಹಾಡುತ್ತದೆ. ಅದು ಬಾಯಿ ಮುಚ್ಚಿಕೊಂಡರೆ ಒಳಗೆ ಏನೋ ಇದೆ. ಇವತ್ತು ಬಿಸಿಲೇರಿದರೂ ಸದ್ದಿಲ್ಲ. ಆಳುಗಳೆಲ್ಲ ಕತ್ತಿ ಕೆಳಗಿಟ್ಟು ಕುಳಿತರು. ನಾನೂ ಏಳಿ ಎನ್ನಲಿಲ್ಲ.

"ಹಕ್ಕಿ ಅಪ್ಪಣೆ ಬೇಕೇನ್ರೀ ನಿಮಗೆ? ಸರ್ಕಾರದ ಅಪ್ಪಣೆ ನನ್ನ ಕೈಲಿದೆ," ಎಂದರು ರೇಂಜರು.

ಆಳುಗಳ ನಡುವೆ ಕುಳಿತಿದ್ದ ಚಿಕ್ಕಮಾದಮ್ಮ ಎಲೆಯಡಿಕೆ ಉಗಿದು, "ಅದ್ನ ಆನೆಗೆ ಓದಿ ಯೇಳಿ ಸ್ವಾಮಿ. ನಾವು ಇಲ್ಲೇ ಕುಂತಿರ್ತೀವಿ," ಎಂದಳು.

ಅವಳ ಗಂಡ ಹೋದ ವರ್ಷ, ಹಕ್ಕಿ ಸುಮ್ಮನಿದ್ದ ದಿನವೇ ಒಳಗೆ ಹೋಗಿ ಆನೆಯ ಕಾಲಿಗೆ ಸಿಕ್ಕಿದ. ಕಳಿಸಿದವನು ನಾನು. "ಹಕ್ಕಿಗೆ ನೆಗಡಿಯಾಗೈತೆ, ನಡೀಲಾ," ಎಂದು ನಗಿಸಿ ಕಳಿಸಿದ್ದೆ. ಎಂಥವರನ್ನೂ ಒಪ್ಪಿಸುವ ಬಾಯಿ ನನ್ನದು.

ನಾಳೆಯೂ ಕುಳಿತರೆ ನನ್ನ ಲೈಸೆನ್ಸು ರದ್ದಂತೆ. ಮಾಡಲಿ. ಹತ್ತು ದಿನ ಆನೆ ಬರದೆ ನಾನು ನಗೆಪಾಟಲಾದರೂ ಸರಿ, ಈ ಬಾಯಿಂದ ಇನ್ನೊಬ್ಬನನ್ನು ಏಳಿಸುವುದಿಲ್ಲ. ಹಕ್ಕಿ ಕೂಗದಿದ್ದರೆ ಚಿಕ್ಕಮಾದಮ್ಮನ ಪಕ್ಕದಲ್ಲೇ ಕೂರುತ್ತೇನೆ, ಅವಳು ಜಾಗ ಬಿಟ್ಟರೆ.